ಕ್ರೂಸ್ ಮುಗಿಸಿ ಇಳಿದ ದಿನ ಯಾವ ಫ್ಲೈಟ್ ಹಿಡಿಯಬೇಕು? ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದವರಿಗೆ ಗಂಟೆ ಲೆಕ್ಕದ ಮಾರ್ಗದರ್ಶಿ

ಟ್ರಾವೆಲ್ಸ್‌ನವರು ಕೊಡುವ ಕ್ರೂಸ್ ಹಾಳೆಯ ಕೊನೆಯ ಸಾಲಿನಲ್ಲಿ ‘ಬೆಳಗ್ಗೆ 7ಕ್ಕೆ ಬಂದರು ತಲುಪುವುದು’ ಎಂದಿರುತ್ತದೆ. ಅದನ್ನು ನೋಡಿ ಹತ್ತು ಗಂಟೆಯ ಫ್ಲೈಟ್ ಅಗ್ಗಕ್ಕೆ ಸಿಕ್ಕಿತೆಂದು ಬುಕ್ ಮಾಡಿಬಿಡುತ್ತಾರೆ. ಬಸ್ಸು ಸ್ಟ್ಯಾಂಡಿನೊಳಗೆ ಬರುತ್ತಿರುವಾಗಲೇ ಬಾಗಿಲಿಗೆ ಬಂದು ನಿಲ್ಲುವವರು ನಾವು. ಹಡಗೂ ಹಾಗೇ ಅಂದುಕೊಳ್ಳುವುದು ಸಹಜ. ಆದರೆ ಎರಡು ಮೂರು ಸಾವಿರ ಜನ ಒಂದೋ ಎರಡೋ ಬಾಗಿಲಿನಿಂದ ಇಳಿಯಬೇಕಾದ ಕಡೆ ಏಳು ಗಂಟೆಗೆ ಹಡಗು ಬಂದರೆ ಹತ್ತು ಗಂಟೆಗೂ ನೀವು ಟ್ಯಾಕ್ಸಿ ಸಾಲಿನಲ್ಲೇ ಇರಬಹುದು.

ನಮ್ಮ ಮೂರು ಜಿಲ್ಲೆಯವರಿಗೆ ಇನ್ನೊಂದು ತುಂಡು ಹೆಚ್ಚು. ಫ್ಲೈಟ್ ದೇವನಹಳ್ಳಿಯಲ್ಲಿ ಇಳಿದ ಮೇಲೂ ಮನೆ ಬಂದಿರುವುದಿಲ್ಲ. ಚಿಕ್ಕಬಳ್ಳಾಪುರದವರಿಗೆ ಮೂವತ್ತು ಕಿಲೋಮೀಟರಿನ ಆಸುಪಾಸು, ಕೋಲಾರದವರಿಗೆ ಎಪ್ಪತ್ತು, ತುಮಕೂರಿನವರಿಗೆ ಎಂಬತ್ತರಿಂದ ತೊಂಬತ್ತು. ಫ್ಲೈಟ್ ಆರಿಸುವಾಗ ಹೊರಡುವ ಗಂಟೆಯ ಜೊತೆಗೆ ಇಳಿಯುವ ಗಂಟೆಯನ್ನೂ ನೋಡಬೇಕು.

ಏಳು ಗಂಟೆ ಅಂದರೆ ಏನು?

ಹಡಗು ದಡಕ್ಕೆ ಬಂದು ಹಗ್ಗ ಕಟ್ಟುವ ಸಮಯ ಅದು. ಹಗ್ಗ ಕಟ್ಟಿದ ಮೇಲೆ ಇಳಿಯುವ ಸೇತುವೆ ಜೋಡಿಸಬೇಕು. ಬಂದರಿನ ಇಮಿಗ್ರೇಷನ್ ಮತ್ತು ಕಸ್ಟಮ್ಸ್ ಅಧಿಕಾರಿಗಳು ಹಡಗಿನ ಕಾಗದಪತ್ರ ನೋಡಿ ಒಪ್ಪಿಗೆ ಕೊಡಬೇಕು. ಆ ಒಪ್ಪಿಗೆ ಬರುವವರೆಗೆ ಒಬ್ಬರೂ ಇಳಿಯುವಂತಿಲ್ಲ. ಸಾಮಾನ್ಯವಾಗಿ ಇದಕ್ಕೆ ಅರ್ಧದಿಂದ ಒಂದು ಗಂಟೆ ಹಿಡಿಯುತ್ತದೆ. ಅದೇ ಹೊತ್ತಿನಲ್ಲಿ ಕೆಳಗಿನ ಬಾಗಿಲಿನಿಂದ ಸಾವಿರಾರು ಸೂಟ್‌ಕೇಸ್‌ಗಳನ್ನು ಟರ್ಮಿನಲ್‌ಗೆ ಇಳಿಸುತ್ತಿರುತ್ತಾರೆ.

ಆಮೇಲೆ ಸರದಿ. ಬಣ್ಣ ಅಥವಾ ನಂಬರಿನ ಟ್ಯಾಗ್ ಪ್ರಕಾರ ಗುಂಪು ಗುಂಪಾಗಿ ಕರೆಯುತ್ತಾರೆ. ತಮ್ಮ ಲಗೇಜನ್ನು ತಾವೇ ಹೊತ್ತು ಇಳಿಯುವವರು ಮೊದಲು, ಆಮೇಲೆ ಬೇಗ ಫ್ಲೈಟ್ ಇರುವವರು, ಉಳಿದವರೆಲ್ಲ ಅವರ ಹಿಂದೆ. ಕೊನೆಯ ಗುಂಪು ಇಳಿಯುವಾಗ ಒಂಬತ್ತೂವರೆ, ಹತ್ತು ಆಗಿರುತ್ತದೆ. ಆದ್ದರಿಂದ ಲೆಕ್ಕವನ್ನು ಹಡಗು ಮುಟ್ಟುವ ಗಂಟೆಯಿಂದ ಶುರು ಮಾಡಬೇಡಿ. ಬ್ಯಾಗು ಕೈಯಲ್ಲಿ ಹಿಡಿದು ಟರ್ಮಿನಲ್ ಬಾಗಿಲು ದಾಟುವ ಗಂಟೆಯಿಂದ ಶುರು ಮಾಡಿ. ಹಾಳೆಯಲ್ಲಿರುವ ಸಮಯಕ್ಕೆ ಎರಡೂವರೆಯಿಂದ ಮೂರು ಗಂಟೆ ಸೇರಿಸಿದರೆ ಅದು ಸಿಗುತ್ತದೆ. ಲಗೇಜು ಸ್ವಂತ ಹೊತ್ತರೆ ಒಂದೂವರೆ ಗಂಟೆ ಸಾಕು.

ಇಷ್ಟೆಲ್ಲ ಎಲ್ಲವೂ ಸರಿಯಾಗಿ ನಡೆದ ದಿನದ ಮಾತು. ಹಡಗು ತಡವಾಗಲು ಕಾರಣಗಳು ಬೇರೆ ಇವೆ. ಬಂದರಿನ ಕಾಲುವೆಯಲ್ಲಿ ಮಂಜು ಕವಿದರೆ ದಾರಿ ತೋರಿಸುವ ಬಂದರಿನ ಪೈಲಟ್ ಹಡಗನ್ನು ಒಳಗೆ ತರುವುದಿಲ್ಲ. ಗಾಳಿ ಜೋರಾಗಿದ್ದರೆ ಎತ್ತರದ ಕ್ರೂಸ್ ಹಡಗನ್ನು ದಡಕ್ಕೆ ಒತ್ತಿ ನಿಲ್ಲಿಸುವುದು ಕಷ್ಟ, ಹಡಗನ್ನು ತಳ್ಳಿ ಎಳೆಯುವ ಟಗ್ ದೋಣಿಗಳಿಗೆ ಕಾಯಬೇಕು. ಯಾರಿಗಾದರೂ ಎದೆನೋವು ಬಂದರೆ ಆಂಬುಲೆನ್ಸ್‌ಗೆ ಮೊದಲ ದಾರಿ. ಅದೇ ಬೆಳಗ್ಗೆ ಪಕ್ಕದ ದಕ್ಕೆಗೆ ಇನ್ನೊಂದು ದೊಡ್ಡ ಹಡಗು ಬಂದಿದ್ದರೆ ಇಮಿಗ್ರೇಷನ್ ಸಾಲೂ ಟ್ಯಾಕ್ಸಿ ಸಾಲೂ ಎರಡು ಪಟ್ಟು. ಈ ಕೊನೆಯದನ್ನು ಮುಂಚೆಯೇ ತಿಳಿಯಬಹುದು: ಬಹಳಷ್ಟು ಬಂದರುಗಳು ಯಾವ ದಿನ ಯಾವ ಹಡಗು ಬರುತ್ತದೆ ಎಂಬ ಪಟ್ಟಿಯನ್ನು ತಿಂಗಳುಗಟ್ಟಲೆ ಮೊದಲೇ ಹಾಕಿರುತ್ತವೆ. ಟಿಕೆಟ್ ತೆಗೆಸುವ ಮುನ್ನ ಐದು ನಿಮಿಷ ಅದನ್ನು ನೋಡಿ.

ಕೂಡುವ ಲೆಕ್ಕ

ಐದು ತುಂಡುಗಳು: ಹಡಗಿನ ಸಮಯ, ಇಳಿದು ಹೊರಬರಲು ಹಿಡಿಯುವ ಹೊತ್ತು, ಬಂದರಿನಿಂದ ಏರ್‌ಪೋರ್ಟಿನ ರಸ್ತೆ, ಏರ್‌ಪೋರ್ಟಿನಲ್ಲಿ ಬೇಕಾಗುವ ಹೊತ್ತು, ಮತ್ತು ಕೈಯಲ್ಲಿರಬೇಕಾದ ಹೆಚ್ಚುವರಿ. ಏರ್‌ಪೋರ್ಟಿಗೆ ವಿದೇಶದಿಂದ ಹೊರಡುವುದಾದರೆ 3 ಗಂಟೆ, ದೇಶದೊಳಗಾದರೆ 2 ಗಂಟೆ ಇಟ್ಟುಕೊಳ್ಳಿ. ದೇಶದೊಳಗಿನ ಫ್ಲೈಟಿಗೆ ಕೌಂಟರ್ ಸಾಮಾನ್ಯವಾಗಿ ಹೊರಡುವ 60 ನಿಮಿಷ ಮೊದಲು ಮುಚ್ಚುತ್ತದೆ. ಅಂತರರಾಷ್ಟ್ರೀಯಕ್ಕೆ 60 ಅಥವಾ 75, ಕಂಪನಿ ಮೇಲೆ ಹೋಗುತ್ತದೆ. ಟಿಕೆಟ್ಟಿನ ಕೆಳಗಿನ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ.

ಸಿಂಗಾಪುರಕ್ಕೆ ಬರುವ ಹಡಗನ್ನು ತೆಗೆದುಕೊಳ್ಳೋಣ. ಆರು ಜನರ ಕುಟುಂಬ, ಅಜ್ಜಿ ಒಬ್ಬರು, ನಾಲ್ಕು ದೊಡ್ಡ ಸೂಟ್‌ಕೇಸ್.

7:00 – ಹಡಗು ಮರೀನಾ ಬೇ ಕ್ರೂಸ್ ಸೆಂಟರ್‌ನಲ್ಲಿ ನಿಂತಿತು
8:45 – ನಿಮ್ಮ ಟ್ಯಾಗ್ ಬಣ್ಣ ಕರೆದರು
9:30 – ಇಮಿಗ್ರೇಷನ್ ದಾಟಿ ಬ್ಯಾಗಿನ ಹಾಲ್ ತಲುಪಿದಿರಿ
9:50 – ನಾಲ್ಕೂ ಬ್ಯಾಗು ಸಿಕ್ಕವು, ಟ್ಯಾಕ್ಸಿ ಸಾಲು
10:20 – ಎರಡು ಟ್ಯಾಕ್ಸಿ ಸಿಕ್ಕವು (ಆರು ಜನ, ನಾಲ್ಕು ಸೂಟ್‌ಕೇಸ್ ಒಂದು ಕಾರಿಗೆ ಹಿಡಿಯುವುದಿಲ್ಲ)
10:50 – ಚಾಂಗಿ ಏರ್‌ಪೋರ್ಟ್

ಇದಕ್ಕೆ ಮೂರು ಗಂಟೆ ಸೇರಿಸಿದರೆ 1:50. ಇದು ಬರೀ ಅಂಚು, ಹಡಗು ಒಂದು ಗಂಟೆ ತಡವಾದರೂ ಮುರಿಯುತ್ತದೆ. ಎರಡು ಗಂಟೆ ಕೈಯಲ್ಲಿಟ್ಟುಕೊಂಡು ಸಂಜೆ ನಾಲ್ಕರ ನಂತರದ್ದನ್ನು ಹಿಡಿಯಿರಿ. ಎರಡು ಟ್ಯಾಕ್ಸಿಯ ವಿಷಯವನ್ನು ಬಹಳ ಜನ ಮರೆಯುತ್ತಾರೆ. ಇಲ್ಲಿ ಟಿಟಿ (ಟೆಂಪೋ ಟ್ರಾವೆಲರ್) ಮಾಡಿಕೊಂಡು ಹೋಗುವ ಕುಟುಂಬ ಅಲ್ಲಿ ಸಾಲಿನ ತುದಿಯಲ್ಲಿ ‘ಯಾರು ಯಾವ ಕಾರಿಗೆ’ ಎಂದು ಚರ್ಚೆ ಶುರು ಮಾಡಿದರೆ ಕಾಲು ಗಂಟೆ ಹಾರಿಹೋಗುತ್ತದೆ. ಜನ ಆರು ದಾಟಿದರೆ ದೊಡ್ಡ ವ್ಯಾನನ್ನು ಹಿಂದಿನ ದಿನವೇ ಹೇಳಿಡಿ. ಚಾಲಕನಿಗೆ ಕೊಡುವ ಸಮಯ ಮಾತ್ರ ಹಡಗು ಬರುವುದಲ್ಲ, ನೀವು ಬಾಗಿಲಿಗೆ ಬರುವುದು.

ಯಾವ ಬಂದರು, ಎಷ್ಟು ದೂರ

ಸಿಂಗಾಪುರ ಎಲ್ಲಕ್ಕಿಂತ ಸಲೀಸು. ಚಾಂಗಿಗೆ ಸುಮಾರು ಇಪ್ಪತ್ತು ಕಿಲೋಮೀಟರ್, ಟ್ಯಾಕ್ಸಿಯಲ್ಲಿ ಅರ್ಧ ಗಂಟೆಯೊಳಗೆ. ಆದರೆ ಹಡಗುಗಳು ಎರಡು ಕಡೆ ಬರುತ್ತವೆ, ಮರೀನಾ ಬೇ ಒಂದು, ಹಾರ್ಬರ್‌ಫ್ರಂಟ್ ಇನ್ನೊಂದು. ವ್ಯಾನಿನವರಿಗೆ ಸರಿಯಾದ ಹೆಸರು ಹೇಳಿ. ಮಲೇಷ್ಯಾ ಕಡೆ ಹೋಗಿ ಮರಳಿದರೆ ನೀವು ಸಿಂಗಾಪುರವನ್ನು ಎರಡನೇ ಸಲ ಪ್ರವೇಶಿಸುತ್ತಿದ್ದೀರಿ ಎಂದು ಲೆಕ್ಕ. ವೀಸಾದಲ್ಲಿ ಒಂದಕ್ಕಿಂತ ಹೆಚ್ಚು ಪ್ರವೇಶಕ್ಕೆ ಅವಕಾಶ ಇದೆಯೇ ನೋಡಿಕೊಳ್ಳಿ. ಆನ್‌ಲೈನ್ ಅರೈವಲ್ ಕಾರ್ಡನ್ನೂ ಮತ್ತೆ ತುಂಬಬೇಕು. ಬಂದಿಳಿಯುವ ದಿನ ಸೇರಿ ಮೂರು ದಿನದೊಳಗೆ ತುಂಬುವಂಥದ್ದು ಅದು. ಇದನ್ನು ಮರೆತವರು ಇಮಿಗ್ರೇಷನ್ ಸಾಲಿನ ಬದಿಯಲ್ಲಿ ನಿಂತು ಫೋನಿನಲ್ಲಿ ಆರು ಜನರ ಪಾಸ್‌ಪೋರ್ಟ್ ನಂಬರ್ ಒತ್ತುತ್ತಿರುತ್ತಾರೆ. ಹಡಗಿನಲ್ಲಿ ಕೊಂಡ ಸಿಗರೇಟಿಗೆ ಸಿಂಗಾಪುರದಲ್ಲಿ ಸುಂಕ ವಿನಾಯಿತಿ ಇಲ್ಲ, ಒಂದು ಪ್ಯಾಕ್ ಇದ್ದರೂ ಘೋಷಿಸಬೇಕು. ಚ್ಯೂಯಿಂಗ್ ಗಮ್ ತರುವಂತೆಯೇ ಇಲ್ಲ.

ಮುಂಬೈ ನಮ್ಮವರು ಹೆಚ್ಚಾಗಿ ಹೋಗುವ ಬಂದರು. ಹಡಗು ದಕ್ಷಿಣ ತುದಿಯ ಬಲ್ಲಾರ್ಡ್ ಪಿಯರ್ ಬಳಿ ನಿಲ್ಲುತ್ತದೆ. ಏರ್‌ಪೋರ್ಟ್ ಉತ್ತರಕ್ಕೆ ಇಪ್ಪತ್ತೈದು ಕಿಲೋಮೀಟರಿನಷ್ಟು. ಬೆಳಗಿನ ಆಫೀಸು ಹೊತ್ತಿನಲ್ಲಿ ಒಂದೂವರೆ ಗಂಟೆ ಇಟ್ಟುಕೊಳ್ಳಿ, ಮಳೆಗಾಲದಲ್ಲಿ ಎರಡು. ಲಗೇಜು ಹಗುರವಿದ್ದರೆ ಬೇರೆ ದಾರಿ ಇದೆ: 2025ರ ಅಕ್ಟೋಬರಿನಲ್ಲಿ ಪೂರ್ತಿಯಾಗಿ ತೆರೆದ ನೆಲದಡಿಯ ಮೆಟ್ರೋ ಮಾರ್ಗ 3. ಬಲ್ಲಾರ್ಡ್ ಪಿಯರಿನಿಂದ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ನಿಲ್ದಾಣಕ್ಕೆ ಟ್ಯಾಕ್ಸಿಯಲ್ಲಿ ಹೋಗಿ ಅಲ್ಲಿ ಹತ್ತಿದರೆ ಏರ್‌ಪೋರ್ಟಿನ ಟರ್ಮಿನಲ್ 1 ಮತ್ತು 2 ಎರಡಕ್ಕೂ ನಿಲ್ದಾಣ ಇದೆ. ಸೂಟ್‌ಕೇಸ್ ಎರಡಕ್ಕಿಂತ ಹೆಚ್ಚಿದ್ದರೆ ಈ ಆಸೆ ಬಿಡಿ.

ಮುಂಬೈಯಲ್ಲಿ ಈಗ ಹೊಸ ಬಲೆಯೊಂದಿದೆ. 2025ರ ಡಿಸೆಂಬರ್ 25ರಿಂದ ನವಿ ಮುಂಬೈ ಏರ್‌ಪೋರ್ಟಿನಿಂದಲೂ ವಿಮಾನಗಳು ಹಾರುತ್ತಿವೆ. ಬುಕಿಂಗ್ ಆಪ್‌ನಲ್ಲಿ ‘ಮುಂಬೈ’ ಎಂದು ಹುಡುಕಿದರೆ ಎರಡೂ ಏರ್‌ಪೋರ್ಟಿನವು ಒಂದೇ ಪಟ್ಟಿಯಲ್ಲಿ ಬರಬಹುದು. ಎರಡೂ ಎರಡು ದಿಕ್ಕು. ಬಂದರಿನಿಂದ ನವಿ ಮುಂಬೈಗೆ ಸಮುದ್ರದ ಮೇಲಿನ ಅಟಲ್ ಸೇತು ದಾಟಿ ಹೋಗುವುದು ಕೆಲವೊಮ್ಮೆ ಹಳೇ ಏರ್‌ಪೋರ್ಟಿಗಿಂತ ಸುಲಭವೇ. ಆದರೆ ಟಿಕೆಟ್ ಒಂದರದ್ದಾಗಿ ಟ್ಯಾಕ್ಸಿ ಇನ್ನೊಂದಕ್ಕೆ ಹೋದರೆ ಆ ದಿನ ಅಲ್ಲಿಗೆ ಮುಗಿಯಿತು. ಟಿಕೆಟ್ಟಿನಲ್ಲಿ ಏರ್‌ಪೋರ್ಟಿನ ಪೂರ್ತಿ ಹೆಸರು ಓದಿ, ಟರ್ಮಿನಲ್ ನಂಬರನ್ನೂ ಓದಿ.

ಚೆನ್ನೈಗೆ ಬಂದಿಳಿಯುವ ಕೋಲಾರದವರು ಒಮ್ಮೆ ಯೋಚಿಸಿ: ಫ್ಲೈಟ್ ಬೇಕೇ? ಬಂದರಿನಿಂದ ಸೆಂಟ್ರಲ್ ರೈಲು ನಿಲ್ದಾಣ ಎರಡು ಮೂರು ಕಿಲೋಮೀಟರ್, ಏರ್‌ಪೋರ್ಟ್ ಇಪ್ಪತ್ತರ ಹತ್ತಿರ. ಬಂಗಾರಪೇಟೆಯಲ್ಲಿ ನಿಲ್ಲುವ ಹಗಲಿನ ರೈಲು ಹಿಡಿದರೆ ದೇವನಹಳ್ಳಿ ಸುತ್ತು ಹಾಕುವುದೇ ತಪ್ಪುತ್ತದೆ. ಕೆಜಿಎಫ್, ಮಾಲೂರು, ಬಂಗಾರಪೇಟೆ ಕಡೆಯವರಿಗಂತೂ ಫ್ಲೈಟ್ ದಂಡ. ರೈಲಿಗೂ ಅದೇ ಲೆಕ್ಕ, ಏರ್‌ಪೋರ್ಟಿನ ಎರಡು ಗಂಟೆಯ ಬದಲು ಮುಕ್ಕಾಲು ಗಂಟೆ. ಬೆಳಗಿನ ರೈಲನ್ನು ಬಿಟ್ಟು ಮಧ್ಯಾಹ್ನದ್ದನ್ನು ಕಾಯ್ದಿರಿಸಿ.

ಕೊಚ್ಚಿಯಲ್ಲಿ ಹಡಗು ವಿಲ್ಲಿಂಗ್ಡನ್ ದ್ವೀಪದಲ್ಲಿ ನಿಲ್ಲುತ್ತದೆ, ಏರ್‌ಪೋರ್ಟ್ ನೆಡುಂಬಾಶ್ಶೇರಿಯಲ್ಲಿ. ನಕ್ಷೆಯಲ್ಲಿ ನಲವತ್ತು ಕಿಲೋಮೀಟರಿನೊಳಗೆ ಕಂಡರೂ ವೈಟ್ಟಿಲ, ಇಡಪ್ಪಳ್ಳಿ ಸಿಗ್ನಲ್‌ಗಳು ಒಂದೂವರೆ ಗಂಟೆ ತಿನ್ನುತ್ತವೆ. ದುಬೈಯಲ್ಲಿ ಪೋರ್ಟ್ ರಶೀದ್ ಮತ್ತು ದುಬೈ ಹಾರ್ಬರ್ ಎರಡು ಬೇರೆ; ಮೊದಲನೆಯದು ಏರ್‌ಪೋರ್ಟಿಗೆ ಹತ್ತಿರ, ಎರಡನೆಯದು ಊರಿನ ಇನ್ನೊಂದು ತುದಿ.

ಯೂರೋಪಿನ ಬಂದರುಗಳಲ್ಲಿ ಹೆಸರಿಗೆ ಮೋಸ ಹೋಗಬಾರದು. ‘ರೋಮ್’ ಎಂದು ಬರೆದಿದ್ದರೂ ಹಡಗು ನಿಲ್ಲುವುದು ಚಿವಿತವೆಕ್ಕಿಯಾದಲ್ಲಿ, ಫಿಯುಮಿಚಿನೋ ಏರ್‌ಪೋರ್ಟಿನಿಂದ ಅರವತ್ತು ಕಿಲೋಮೀಟರಿಗೂ ಹೆಚ್ಚು. ‘ಲಂಡನ್’ ಅಂದರೆ ಬಹುತೇಕ ಸೌತ್‌ಹ್ಯಾಂಪ್ಟನ್. ಹೀಥ್ರೋಗೆ ನೂರು ಕಿಲೋಮೀಟರ್ ದಾಟುತ್ತದೆ. ‘ವೆನಿಸ್’ ಎಂದು ಮಾರುವ ಕೆಲವು ಹಡಗುಗಳು ರವೆನ್ನಾ ಅಥವಾ ಟ್ರಿಯೆಸ್ಟೆಯಲ್ಲಿ ಇಳಿಸುತ್ತವೆ, 2021ರಿಂದ ದೊಡ್ಡ ಹಡಗುಗಳಿಗೆ ವೆನಿಸ್ ಊರಿನ ಮುಂದಿನ ಕಾಲುವೆ ಬಂದ್ ಆಗಿದೆ. ಬಾರ್ಸಿಲೋನಾ ಮಾತ್ರ ಹೇಳಿದ ಹಾಗೇ, ಟ್ಯಾಕ್ಸಿಗೆ ಅರ್ಧ ಗಂಟೆ. ಅಥೆನ್ಸ್‌ನ ಪಿರೇಯಸ್‌ನಿಂದ ಏರ್‌ಪೋರ್ಟಿಗೆ ನೇರ ಮೆಟ್ರೋ ಇದೆ, ಒಂದು ಗಂಟೆ. ಅಮೆರಿಕದಲ್ಲಿ ಮಯಾಮಿ, ಫೋರ್ಟ್ ಲಾಡರ್‌ಡೇಲ್ ಬಂದರುಗಳಿಗೆ ಏರ್‌ಪೋರ್ಟ್ ಪಕ್ಕದಲ್ಲೇ. ಪೋರ್ಟ್ ಕೆನವೆರಲ್‌ನಿಂದ ಒರ್ಲ್ಯಾಂಡೋ ಎಪ್ಪತ್ತು ಕಿಲೋಮೀಟರ್.

ಫ್ಲೈಟ್ ತಪ್ಪಿದರೆ ಮುಂದಿನದು ಯಾವಾಗ?

ಕೈಯಲ್ಲಿ ಎಷ್ಟು ಹೊತ್ತು ಹೆಚ್ಚುವರಿ ಇರಬೇಕು ಎನ್ನುವುದಕ್ಕೆ ಎಲ್ಲ ಕಡೆಗೂ ಒಂದೇ ಅಳತೆ ಹೇಳುವುದು ತಪ್ಪು. ಮುಂಬೈ–ಬೆಂಗಳೂರು ದಾರಿಯಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೆ ಒಂದರ ಹಿಂದೊಂದು ಫ್ಲೈಟ್. ಒಂದು ತಪ್ಪಿದರೆ ದುಡ್ಡು ಹೋಗುತ್ತದೆ, ದಿನ ಹೋಗುವುದಿಲ್ಲ. ಅಲ್ಲಿ ಒಂದೂವರೆ ಗಂಟೆ ಸಾಕು. ಸಿಂಗಾಪುರದಿಂದ ಬೆಂಗಳೂರಿಗೆ ನೇರ ಫ್ಲೈಟ್‌ಗಳು ಕೈಬೆರಳೆಣಿಕೆಯಷ್ಟು, ಅಲ್ಲಿ ಎರಡರಿಂದ ಮೂರು ಗಂಟೆ. ಯೂರೋಪಿನಿಂದ ಬರುವಾಗ ಒಂದು ಕಂಪನಿಯ ನೇರ ಫ್ಲೈಟ್ ದಿನಕ್ಕೆ ಒಂದು, ಕೆಲವಕ್ಕೆ ವಾರದ ಎಲ್ಲ ದಿನವೂ ಇಲ್ಲ. ಅಂಥ ಕಡೆ ಹಡಗಿಳಿದ ದಿನವೇ ಹೊರಡುವ ಹಟ ಬೇಡ. ಬಂದರು ಊರಿನಲ್ಲಿ ಒಂದು ರಾತ್ರಿ ಉಳಿದು ಮರುದಿನ ಹೊರಡಿ. ಒಂದು ಹೋಟೆಲ್ ರೂಮಿನ ಬಾಡಿಗೆ ನಾಲ್ಕು ಜನರ ಹೊಸ ಟಿಕೆಟ್ಟಿನ ಮುಂದೆ ಏನೂ ಅಲ್ಲ.

ಉಳಿಯುವುದಾದರೆ ವೀಸಾ ಆ ರಾತ್ರಿಯನ್ನೂ ಒಳಗೊಳ್ಳಬೇಕು. ಯೂರೋಪಿನ ಬಹಳಷ್ಟು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾದಲ್ಲಿ ಕೊನೆಯ ದಿನಾಂಕದ ಜೊತೆಗೆ ಎಷ್ಟು ದಿನ ಇರಬಹುದು ಎಂಬ ಸಂಖ್ಯೆಯೂ ಇರುತ್ತದೆ, ಎರಡನ್ನೂ ನೋಡಿ. ಹಡಗು ನಡುವೆ ಟರ್ಕಿಗೋ ಇಂಗ್ಲೆಂಡಿಗೋ ಹೋಗಿ ಬಂದರೆ ಒಂದಕ್ಕಿಂತ ಹೆಚ್ಚು ಪ್ರವೇಶದ ವೀಸಾ ಬೇಕು.

ಇನ್ನು ಟಿಕೆಟ್ ಒಂದೇ ಪಿಎನ್‌ಆರ್‌ನಲ್ಲಿದೆಯೋ ಎರಡಾಗಿದೆಯೋ ಎನ್ನುವುದು. ರೋಮ್‌ನಿಂದ ದುಬೈ, ದುಬೈಯಿಂದ ಬೆಂಗಳೂರು ಒಂದೇ ಪಿಎನ್‌ಆರ್ ಆಗಿದ್ದರೆ ಮೊದಲ ಫ್ಲೈಟ್ ತಡವಾದಾಗ ಮುಂದಿನದಕ್ಕೆ ಹತ್ತಿಸುವುದು ಕಂಪನಿಯ ಜವಾಬ್ದಾರಿ, ಬ್ಯಾಗು ನೇರ ಬೆಂಗಳೂರಿಗೆ. ಅಗ್ಗವೆಂದು ಬೇರೆ ಬೇರೆ ತೆಗೆದರೆ ನಡುವಿನ ಊರಿನಲ್ಲಿ ಇಳಿದು, ಬ್ಯಾಗು ತೆಗೆದುಕೊಂಡು, ಮತ್ತೆ ಚೆಕ್-ಇನ್ ಮಾಡಬೇಕಾಗಬಹುದು. ಅಂದರೆ ಆ ದೇಶದ ವೀಸಾವೂ ಬೇಕಾಗಬಹುದು. ದೆಹಲಿ ಅಥವಾ ಮುಂಬೈ ಮೇಲೆ ಬರುವವರು ಸಾಮಾನ್ಯವಾಗಿ ಅಲ್ಲೇ ಇಮಿಗ್ರೇಷನ್, ಕಸ್ಟಮ್ಸ್ ಮುಗಿಸಿ ಬ್ಯಾಗನ್ನು ಬೆಂಗಳೂರು ಫ್ಲೈಟಿಗೆ ಮತ್ತೆ ಹಾಕಬೇಕು. ಅದಕ್ಕೆ ನಾಲ್ಕು ಗಂಟೆ ಬಿಡಿ.

ಒಂದು ಮಾತು ನೆನಪಿರಲಿ: ಹಡಗು ತಡವಾಗಿ ನಿಮ್ಮ ಫ್ಲೈಟ್ ತಪ್ಪಿದರೆ ವಿಮಾನ ಕಂಪನಿಗೆ ಅದು ಸಂಬಂಧವಿಲ್ಲ, ‘ಪ್ರಯಾಣಿಕರು ಬರಲಿಲ್ಲ’ ಅಷ್ಟೆ. ಕ್ರೂಸ್ ಕಂಪನಿಯ ಮೂಲಕವೇ ಫ್ಲೈಟನ್ನೂ ತೆಗೆಸಿದ್ದರೆ ಅವರು ಬೇರೆ ಫ್ಲೈಟಿಗೆ ಹಾಕಿಸುವ ವ್ಯವಸ್ಥೆ ಮಾಡುತ್ತಾರೆ, ಬೆಲೆ ತುಸು ಹೆಚ್ಚು. ಸ್ವಂತ ತೆಗೆದವರು ದಿನಾಂಕ ಬದಲಿಸಲು ಬರುವ ದರ್ಜೆಯ ಟಿಕೆಟ್ ನೋಡಲಿ. ಪ್ರವಾಸ ವಿಮೆಯಲ್ಲಿ ‘ಕನೆಕ್ಷನ್ ತಪ್ಪಿದರೆ’ ಎಂಬ ಕಲಮನ್ನು ಓದಿ: ಎಷ್ಟು ಗಂಟೆ ತಡವಾದರೆ ಕೊಡುತ್ತಾರೆ, ಹಡಗಿನ ತಡ ಅದರಲ್ಲಿ ಸೇರಿದೆಯೇ. ತಡವಾದ ದಿನ ಹಡಗಿನ ಕೌಂಟರಿನಲ್ಲಿ ಕಾರಣ ಬರೆದ ಪತ್ರ ಕೇಳಿ ಪಡೆಯಿರಿ, ಊರಿಗೆ ಬಂದ ಮೇಲೆ ಅದನ್ನು ತರಿಸುವುದು ದೊಡ್ಡ ತಲೆನೋವು.

ಮಧ್ಯರಾತ್ರಿ ದಾಟಿದ ಟಿಕೆಟ್

ಅತಿ ದುಬಾರಿ ತಪ್ಪು ಇದೇ. ಹಡಗು 14ನೇ ತಾರೀಖು ಬೆಳಗ್ಗೆ ಬರುತ್ತದೆ. ‘14ರ ರಾತ್ರಿ ಹನ್ನೆರಡೂವರೆ ಫ್ಲೈಟ್, ಇಡೀ ದಿನ ಊರು ನೋಡಬಹುದು’ ಎಂದು 14, 00:30ರ ಟಿಕೆಟ್ ತೆಗೆಯುತ್ತಾರೆ. ಆ ಫ್ಲೈಟ್ ಹಾರುವಾಗ ನೀವಿನ್ನೂ ಸಮುದ್ರದ ಮಧ್ಯೆ ಮಲಗಿರುತ್ತೀರಿ. ನಿಮಗೆ ಬೇಕಾದದ್ದು 15, 00:30. ನಮ್ಮ ಮಾತಿನಲ್ಲಿ ಬೆಳಕು ಹರಿದರೆ ತಾನೇ ಹೊಸ ದಿನ, ಟಿಕೆಟ್ಟಿನಲ್ಲಿ ಹಾಗಲ್ಲ. ವಾರದ ಹೆಸರನ್ನೂ ಬರೆದು ಮನೆಯ ಇನ್ನೊಬ್ಬರಿಗೆ ಜೋರಾಗಿ ಓದಿಸಿ, ಆಮೇಲೆ ಹಣ ಕಟ್ಟಿ.

ಹಡಗಿನ ಗಡಿಯಾರವೂ ಇಂಥದ್ದೇ. ಕೆಲವು ಹಡಗುಗಳು ಹೊರಟ ಊರಿನ ಸಮಯವನ್ನೇ ಇಟ್ಟುಕೊಳ್ಳುತ್ತವೆ, ಕೆಲವು ದಾರಿಯುದ್ದಕ್ಕೂ ಬದಲಿಸುತ್ತವೆ. ಫೋನು ತನ್ನಷ್ಟಕ್ಕೆ ದಡದ ಟವರ್ ಹಿಡಿದು ಇನ್ನೊಂದು ಸಮಯ ತೋರಿಸುತ್ತದೆ. ಸಿಂಗಾಪುರ ನಮಗಿಂತ ಎರಡೂವರೆ ಗಂಟೆ ಮುಂದೆ, ದುಬೈ ಒಂದೂವರೆ ಗಂಟೆ ಹಿಂದೆ. ಕೊನೆಯ ರಾತ್ರಿ ಅಲಾರಂ ಇಡುವ ಮುನ್ನ ಹಡಗಿನ ಕೌಂಟರಿನ ಗಡಿಯಾರಕ್ಕೆ ಹೊಂದಿಸಿಕೊಳ್ಳಿ.

ಹಡಗಿನ ಕೊನೆಯ ಎರಡು ದಿನ

ಇಳಿಯುವ ಎರಡು ದಿನ ಮೊದಲು ಕೋಣೆಗೆ ಒಂದು ಫಾರಂ ಬರುತ್ತದೆ, ಅಥವಾ ಆಪ್‌ನಲ್ಲಿ ಕೇಳುತ್ತಾರೆ: ಫ್ಲೈಟ್ ನಂಬರ್ ಯಾವುದು, ಎಷ್ಟು ಗಂಟೆಗೆ, ಲಗೇಜು ಸ್ವಂತ ಹೊರುತ್ತೀರಾ. ಇದನ್ನು ತುಂಬದವರಿಗೆ ಕೊನೆಯ ಬಣ್ಣ ಬೀಳುವ ಸಾಧ್ಯತೆ ಹೆಚ್ಚು. ಬಂದ ಟ್ಯಾಗ್ ನಿಮ್ಮ ಫ್ಲೈಟಿಗೆ ಹೊಂದದಿದ್ದರೆ ಆಗಲೇ ಗೆಸ್ಟ್ ಸರ್ವೀಸ್ ಕೌಂಟರಿಗೆ ಟಿಕೆಟ್ ತೋರಿಸಿ ಬದಲಿಸಿಕೊಳ್ಳಿ. ಕೊನೆಯ ಸಂಜೆ ಹೋದರೆ ಅಲ್ಲಿ ಬಿಲ್ಲಿನ ಜಗಳದವರ ಉದ್ದ ಸಾಲು. ಬೇರೆ ಬೇರೆ ಕೋಣೆಯಲ್ಲಿರುವ ಒಂದೇ ಕುಟುಂಬಕ್ಕೆ ಬೇರೆ ಬಣ್ಣ ಬಂದಿದ್ದರೂ ಆಗಲೇ ಒಂದು ಮಾಡಿಸಿಕೊಳ್ಳಬೇಕು.

ಸ್ವಂತ ಹೊರುವುದು ಬೇಗ ಇಳಿಯಲು ಒಳ್ಳೆಯ ದಾರಿ, ಆದರೆ ಎಲ್ಲರಿಗಲ್ಲ. ಆ ಬೆಳಗ್ಗೆ ಲಿಫ್ಟುಗಳು ತುಂಬಿ ತುಳುಕುತ್ತವೆ. ಇಳಿಯುವ ಸೇತುವೆ ಇಳಿಜಾರಾಗಿರುತ್ತದೆ, ಇಪ್ಪತ್ಮೂರು ಕಿಲೋ ಸೂಟ್‌ಕೇಸ್ ನಿಮ್ಮನ್ನೇ ಎಳೆದುಕೊಂಡು ಹೋಗುತ್ತದೆ. ಮಂಡಿ ನೋವಿನವರು, ಮಗು ಎತ್ತಿಕೊಂಡವರು ಬಿಟ್ಟುಬಿಡಿ. ವೀಲ್‌ಚೇರ್ ಬೇಕಾದವರಿಗೆ ಬೇರೆ ಜಾಗದಲ್ಲಿ ಕಾಯಿಸುತ್ತಾರೆ, ಆಳುಗಳು ಕಡಿಮೆ ಇರುವುದರಿಂದ ಅರ್ಧ ಗಂಟೆ ಹೆಚ್ಚು ಸೇರಿಸಿ. ವಿಮಾನದ ವೀಲ್‌ಚೇರನ್ನು ಬುಕ್ ಮಾಡುವಾಗಲೇ, ಕಡೇಪಕ್ಷ 48 ಗಂಟೆ ಮೊದಲು ಹೇಳಿರಬೇಕು.

ಹಡಗಿಗೆ ಕೊಡುವ ಬ್ಯಾಗುಗಳನ್ನು ರಾತ್ರಿ ಹತ್ತು ಹನ್ನೊಂದರೊಳಗೆ ಕೋಣೆಯ ಹೊರಗೆ ಇಡಬೇಕು. ಅವು ಮತ್ತೆ ಸಿಗುವುದು ಬೆಳಗ್ಗೆ ದಡದಲ್ಲಿ. ಅದಕ್ಕೇ ಈ ಸಣ್ಣ ಪಟ್ಟಿಯನ್ನು ಕೈಚೀಲಕ್ಕೆ ಹಾಕಿದ ಮೇಲೆಯೇ ಬೀಗ ಹಾಕಿ: ಪಾಸ್‌ಪೋರ್ಟ್, ಬೆಳಗಿನ ಬಿಪಿ–ಸಕ್ಕರೆ ಮಾತ್ರೆ, ಮರುದಿನದ ಬಟ್ಟೆ ಮತ್ತು ಚಪ್ಪಲಿ, ಚಾರ್ಜರ್, ಪವರ್ ಬ್ಯಾಂಕ್, ಒಡವೆ, ಮನೆ ಕೀ, ಏರ್‌ಪೋರ್ಟಿನಲ್ಲಿ ಬಿಟ್ಟ ಕಾರಿನ ಕೀ. ಬಟ್ಟೆಯೆಲ್ಲ ಹೊರಗಿಟ್ಟು ನೈಟಿಯಲ್ಲಿ ಇಳಿಯಬೇಕಾದ ಫಜೀತಿ ಕ್ರೂಸ್‌ಗಳಲ್ಲಿ ಹಳೇ ಜೋಕು, ಈಗಲೂ ಆಗುತ್ತದೆ. ಪಾಸ್‌ಪೋರ್ಟನ್ನು ಹಡಗಿನವರು ಹತ್ತುವಾಗ ತೆಗೆದಿಟ್ಟುಕೊಂಡಿದ್ದರೆ ಯಾವಾಗ, ಎಲ್ಲಿ ಮರಳಿಸುತ್ತಾರೆಂದು ಕೇಳಿಟ್ಟುಕೊಳ್ಳಿ.

ಟರ್ಮಿನಲ್‌ನಲ್ಲಿ ನೂರಾರು ಕಪ್ಪು, ನೀಲಿ ಸೂಟ್‌ಕೇಸ್‌ಗಳು ಬಣ್ಣದ ಪ್ರಕಾರ ಸಾಲಾಗಿ ನಿಂತಿರುತ್ತವೆ. ಯಾರೋ ನಿಮ್ಮದನ್ನು ತಮ್ಮದೆಂದು ಎಳೆದುಕೊಂಡು ಹೋದರೆ ಫ್ಲೈಟ್ ಗತಿ ಮುಗಿಯಿತು. ಹಿಡಿಕೆಗೆ ಕೆಂಪು ರವಿಕೆ ಬಟ್ಟೆಯ ತುಂಡು ಕಟ್ಟಿ, ದೂರದಿಂದಲೇ ಕಾಣುತ್ತದೆ.

ತೂಕ ಮರೆಯಬೇಡಿ. ಹಡಗಿಗೆ ತೂಕದ ಚಿಂತೆಯಿಲ್ಲ, ವಿಮಾನಕ್ಕಿದೆ. ಮುಂಬೈ ಅಥವಾ ಕೊಚ್ಚಿಯಿಂದ ಬರುವ ಸಾಮಾನ್ಯ ಟಿಕೆಟ್ಟಿಗೆ ತಲೆಗೆ 15 ಕಿಲೋ ಚೆಕ್-ಇನ್, 7 ಕಿಲೋ ಕೈಚೀಲ. ಹಡಗಿನ ಅಂಗಡಿಯಲ್ಲಿ ಕೊಂಡ ಮದ್ಯದ ಬಾಟಲಿಗಳನ್ನು ಹಲವು ಹಡಗುಗಳು ಕೊನೆಯ ರಾತ್ರಿಯೇ ಕೈಗೆ ಕೊಡುತ್ತವೆ. ಅವು ಚೆಕ್-ಇನ್ ಬ್ಯಾಗಿಗೇ ಹೋಗಬೇಕು. ಕೈಚೀಲದಲ್ಲಿ 100 ಮಿಲಿ ಮೀರಿದ ದ್ರವ ಬಹಳಷ್ಟು ಏರ್‌ಪೋರ್ಟುಗಳ ಅಂತರರಾಷ್ಟ್ರೀಯ ತಪಾಸಣೆಯಲ್ಲಿ ನಿಲ್ಲುತ್ತದೆ. ಭಾರತಕ್ಕೆ ಸುಂಕವಿಲ್ಲದೆ ತರಬಹುದಾದ್ದು ತಲೆಗೆ 2 ಲೀಟರ್. ಬಾಟಲಿಗೆ ಒಂದು ಟವೆಲ್ ಸುತ್ತಿ ಬಟ್ಟೆಯ ನಡುವೆ ಇಡಿ.

ವೆಬ್ ಚೆಕ್-ಇನ್ ಅನ್ನು ಹಡಗಿನ ದುಬಾರಿ ವೈಫೈ ನಂಬಿ ಬಿಡಬೇಡಿ. 48 ಗಂಟೆ ಮೊದಲು ತೆರೆಯುವ ಕಂಪನಿಗಳಿಗೆ ಕೊನೆಯ ಬಂದರಿನಲ್ಲಿ ಮೊಬೈಲ್ ನೆಟ್ ಸಿಕ್ಕಾಗಲೇ ಮುಗಿಸಿ, ಬೋರ್ಡಿಂಗ್ ಪಾಸನ್ನು ಫೋನಿಗೆ ಇಳಿಸಿಕೊಳ್ಳಿ. ಹಡಗಿನ ಖರ್ಚಿನ ಬಿಲ್ಲು ಕಾರ್ಡಿನಿಂದ ತಾನಾಗಿ ಕಡಿತವಾಗುತ್ತದೆ, ತಪ್ಪಿದ್ದರೆ ಕೊನೆಯ ಸಂಜೆಯೇ ಕೇಳಿ. ಬೆಳಗ್ಗೆ ಆರಕ್ಕೆ ಕೇಳಲು ಹೋದರೆ ಆ ಸಾಲಿನಲ್ಲೇ ನಿಮ್ಮ ಬಣ್ಣ ಕೂಗಿಬಿಡುತ್ತಾರೆ.

ಇಳಿಯುವ ಬೆಳಗ್ಗೆ

ತಿಂಡಿ ಆರೂವರೆಗೆ ಮುಗಿಸಿ. ಏಳೂವರೆಗೆ ಊಟದ ಹಾಲ್ ಸಂತೆಯಾಗಿರುತ್ತದೆ. ಎಂಟರೊಳಗೆ ಕೋಣೆ ಬಿಡಿಸುತ್ತಾರೆ. ಮಂಚದ ಕೆಳಗೆ, ತಿಜೋರಿಯಲ್ಲಿ, ಬಾತ್‌ರೂಮಿನ ಬಾಗಿಲ ಹಿಂದೆ ಇನ್ನೊಮ್ಮೆ ನೋಡಿ. ಹಣ್ಣು, ಸ್ಯಾಂಡ್‌ವಿಚ್ ಕಟ್ಟಿಕೊಂಡು ಇಳಿಯಬೇಡಿ. ಅಮೆರಿಕದಂಥ ದೇಶಗಳಲ್ಲಿ ಒಂದು ಸೇಬಿಗೂ ತಡೆದು ನಿಲ್ಲಿಸಿ ದಂಡ ಹಾಕಬಹುದು. ಕೋಣೆಯ ಕಾರ್ಡನ್ನು ಬಾಗಿಲಿನಲ್ಲಿ ಸ್ಕ್ಯಾನ್ ಮಾಡಿಸಿ ಇಳಿದ ಮೇಲೆ ಮತ್ತೆ ಹತ್ತಲು ಬಿಡುವುದಿಲ್ಲ, ಒಬ್ಬರು ಮುಂದೆ ಒಬ್ಬರು ಹಿಂದೆ ಇಳಿಯಬೇಡಿ.

ಫ್ಲೈಟ್ ರಾತ್ರಿಯದಾದರೆ ಲಗೇಜಿನ ಸಮಸ್ಯೆ ಬರುತ್ತದೆ. ಕೌಂಟರುಗಳು ಸಾಮಾನ್ಯವಾಗಿ ಮೂರು ನಾಲ್ಕು ಗಂಟೆ ಮೊದಲಷ್ಟೇ ತೆರೆಯುತ್ತವೆ. ಚಾಂಗಿಯಲ್ಲಿ ಬ್ಯಾಗು ಬಾಡಿಗೆಗೆ ಇಡುವ ಜಾಗವಿದೆ, ಕೆಲವು ಕಂಪನಿಗಳಿಗೆ ಜುವೆಲ್ ಕಟ್ಟಡದಲ್ಲಿ ಮುಂಚಿತ ಚೆಕ್-ಇನ್ ಇದೆ. ಬೇರೆ ಕಡೆ ಕ್ರೂಸಿನವರೇ ನಡೆಸುವ, ಬ್ಯಾಗು ಬಸ್ಸಿನ ಹೊಟ್ಟೆಯಲ್ಲಿಟ್ಟು ಊರು ತೋರಿಸಿ ಕೊನೆಗೆ ಏರ್‌ಪೋರ್ಟಿನಲ್ಲಿ ಬಿಡುವ ಪ್ರವಾಸ ಒಳ್ಳೆಯ ಉಪಾಯ. ವಯಸ್ಸಾದವರಿದ್ದರೆ ಹಗಲಿಗಷ್ಟೇ ಕೊಡುವ ಹೋಟೆಲ್ ರೂಮ್ ಹಿಡಿಯಿರಿ.

ದೇವನಹಳ್ಳಿಯಿಂದ ಮನೆಗೆ

ಅಂತರರಾಷ್ಟ್ರೀಯ ಫ್ಲೈಟ್‌ಗಳು ಕೆಂಪೇಗೌಡ ಏರ್‌ಪೋರ್ಟಿನ ಟರ್ಮಿನಲ್ 2ಕ್ಕೆ ಬರುತ್ತವೆ. ಇಮಿಗ್ರೇಷನ್, ಬ್ಯಾಗು, ಕಸ್ಟಮ್ಸ್ ಸೇರಿ ಒಂದರಿಂದ ಒಂದೂವರೆ ಗಂಟೆ. ಪದೇಪದೇ ಹೊರದೇಶ ಹೋಗುವವರು ಕೇಂದ್ರ ಸರ್ಕಾರದ ಟ್ರಸ್ಟೆಡ್ ಟ್ರಾವೆಲರ್ ಯೋಜನೆಗೆ ನೋಂದಾಯಿಸಿಕೊಂಡರೆ ಸ್ವಯಂಚಾಲಿತ ಗೇಟಿನಲ್ಲಿ ದಾಟಬಹುದು. ಬೆಂಗಳೂರಿನಲ್ಲಿ 2025ರ ಜನವರಿಯಿಂದ ಇದೆ. ದೇಶದೊಳಗಿನ ಫ್ಲೈಟ್ ಟರ್ಮಿನಲ್ 1ಕ್ಕೋ 2ಕ್ಕೋ ನೋಡಿ ಡ್ರೈವರಿಗೆ ತಿಳಿಸಿ.

ತುಮಕೂರಿನವರು ಹಗಲು ಅಥವಾ ಸಂಜೆ ಇಳಿದರೆ ಹೆಬ್ಬಾಳ, ಗೊರಗುಂಟೆಪಾಳ್ಯದ ದಾರಿಯನ್ನು ಮರೆತುಬಿಡಿ. ದೇವನಹಳ್ಳಿ, ದೊಡ್ಡಬಳ್ಳಾಪುರ, ದಾಬಸ್‌ಪೇಟೆ ಮೇಲೆ ಹೋಗುವ ಸ್ಯಾಟಲೈಟ್ ಟೌನ್ ರಿಂಗ್ ರಸ್ತೆಯೇ ವಾಸಿ. ಟೋಲ್ ಇದೆ, ಫಾಸ್ಟ್‌ಟ್ಯಾಗ್‌ನಲ್ಲಿ ಹಣ ಇದೆಯೇ ನೋಡಿಕೊಳ್ಳಿ. ಬೆಳಗಿನ ಜಾವ ಇಳಿದವರಿಗೆ ಕ್ಯಾತ್ಸಂದ್ರ ತಲುಪುವ ಹೊತ್ತಿಗೆ ತಟ್ಟೆ ಇಡ್ಲಿ ಬಿಸಿಯಾಗಿರುತ್ತದೆ, ಅದೊಂದು ಲಾಭ. ಕೋಲಾರದವರಿಗೆ ಎರಡು ದಾರಿ: ವಿಜಯಪುರ, ಎಚ್.ಕ್ರಾಸ್, ವೇಮಗಲ್ ಮೇಲೆ ಒಂದು, ಹೊಸಕೋಟೆಗೆ ಬಂದು ಹೆದ್ದಾರಿ ಹಿಡಿಯುವುದು ಇನ್ನೊಂದು. ಹಗಲು ಮೊದಲನೆಯದು ಹತ್ತಿರ, ರಾತ್ರಿ ಹೊಸಕೋಟೆ ದಾರಿಯೇ ಸುರಕ್ಷಿತ. ನಾಲ್ಕು ಪಥ, ಬೆಳಕು, ಪೆಟ್ರೋಲ್ ಬಂಕು. ಚಿಕ್ಕಬಳ್ಳಾಪುರದವರಿಗೆ ಯೋಚನೆಯೇ ಬೇಡ, ಹೆದ್ದಾರಿ ಹಿಡಿದರೆ ಮುಕ್ಕಾಲು ಗಂಟೆ.

ಆದ್ದರಿಂದ ಒಂದೇ ಬೆಲೆಯ ಎರಡು ಫ್ಲೈಟ್ ಇದ್ದರೆ ಹೀಗೆ ಆರಿಸಿ. ತುಮಕೂರು, ಕೋಲಾರದವರು ರಾತ್ರಿ ಹತ್ತರೊಳಗೆ ಇಳಿಯುವುದನ್ನು ಅಥವಾ ಬೆಳಗಿನ ಜಾವ ಐದರ ನಂತರ ಇಳಿಯುವುದನ್ನು ಹಿಡಿಯಲಿ. ರಾತ್ರಿ ಒಂದು ಎರಡಕ್ಕೆ ಇಳಿದು ಮೂರಕ್ಕೆ ಹೊರಟರೆ ಡ್ರೈವರಿಗೆ ಅತಿ ಹೆಚ್ಚು ನಿದ್ದೆ ಎಳೆಯುವ ಹೊತ್ತು ಅದು. ಅಂಥ ಫ್ಲೈಟೇ ಸಿಕ್ಕರೆ ಟರ್ಮಿನಲ್ ಒಳಗೇ ಬೆಳಕು ಹರಿಯುವವರೆಗೆ ಕೂತು ಹೊರಡಿ. ಡಿಸೆಂಬರ್, ಜನವರಿಯಲ್ಲಿ ನಂದಿ ಬೆಟ್ಟದ ಸುತ್ತಿನ ಮಂಜು ದೇವನಹಳ್ಳಿ ರನ್‌ವೇಯನ್ನೂ ಮುಚ್ಚುತ್ತದೆ. ಆ ತಿಂಗಳುಗಳಲ್ಲಿ ಬೆಳಗ್ಗೆ ಐದರಿಂದ ಎಂಟರ ಫ್ಲೈಟ್‌ಗಳು ತಡವಾಗುವುದು, ಕೆಲವೊಮ್ಮೆ ಚೆನ್ನೈಗೋ ಹೈದರಾಬಾದಿಗೋ ತಿರುಗುವುದು ಉಂಟು. ಚಿಕ್ಕಬಳ್ಳಾಪುರದವರಿಗೂ ಆ ಹೊತ್ತಿನಲ್ಲಿ ಹೆದ್ದಾರಿ ಕಾಣುವುದಿಲ್ಲ, ಒಂಬತ್ತರ ನಂತರ ಇಳಿಯುವುದನ್ನು ನೋಡಿ.

ಕರೆದೊಯ್ಯಲು ಬರುವ ಡ್ರೈವರಿಗೆ ಹಡಗಿನ ದಿನಾಂಕ, ಹೊರಡುವ ಊರಿನ ಸಮಯ ಯಾವುದೂ ಬೇಡ. ಫ್ಲೈಟ್ ನಂಬರ್, ಬೆಂಗಳೂರಿನಲ್ಲಿ ಇಳಿಯುವ ತಾರೀಖು ಮತ್ತು ಟರ್ಮಿನಲ್, ಈ ಮೂರನ್ನು ಮೆಸೇಜಿನಲ್ಲಿ ಬರೆದು ಕಳಿಸಿ, ಮತ್ತು ವಿಮಾನ ನೆಲ ಮುಟ್ಟಿದ ಮೇಲೆ ಮನೆಯಿಂದ ಹೊರಡಬೇಕೋ ಮೊದಲೇ ಬಂದಿರಬೇಕೋ ಎನ್ನುವುದನ್ನೂ ಅದರಲ್ಲೇ ಹೇಳಿ. ಚಿಕ್ಕಬಳ್ಳಾಪುರದ ಡ್ರೈವರು ನೆಲ ಮುಟ್ಟಿದ ಮೇಲೆ ಹೊರಟರೂ ನೀವು ಬ್ಯಾಗು ತೆಗೆದುಕೊಂಡು ಬರುವಷ್ಟರಲ್ಲಿ ಬಂದಿರುತ್ತಾನೆ. ತುಮಕೂರಿನವನು ವಿಮಾನ ಇಳಿಯುವ ಒಂದು ಗಂಟೆ ಮೊದಲೇ ದಾಬಸ್‌ಪೇಟೆ ದಾಟಿರಬೇಕು.